ಕೂಗುಬಂಡೆಯ ಕೆಳಗೆ

"ಏಯ್, ಆ ಮುಂಡೇನ ಹೊಳೆ ಮೆಟ್ಲಿಂದ ಎಬ್ಬಿಸ್ರೋ! ಗಿರಾಕಿಗಳು ತೆಗೆಯೋ ಫೋಟೋದಲ್ಲೆಲ್ಲ ಅವಳದೇ ಮೂತಿ!"

ಅಣ್ಣ ಸತ್ತಿಲ್ಲ, ಎಲ್ಲೋ ಓಡಿಹೋಗಿದ್ದಾನೆ ಎಂದು ಊರೆಲ್ಲ ಸಾರಿಕೊಂಡು ಬಂದ ಧಣಿಯೇ ಅತ್ತಿಗೆಯನ್ನು ಮುಂಡೆ ಎಂದ.

ಅಣ್ಣ ಎಲ್ಲಿದ್ದಾನೆಂದು ದೋಣಿ ನಡೆಸುವ ನಮಗೆಲ್ಲ ಗೊತ್ತಿತ್ತು. ಗುರುವಾರ ಅವನ ರಬ್ಬರ್ ದೋಣಿಗೆ ಧಣಿ ಮಿತಿಮೀರಿ ಜನ ತುರುಕಿದ. ತೇಲುವ ಜಾಕೆಟ್ ಸಾಲದೆ ಅಣ್ಣನದನ್ನೇ ಬಿಚ್ಚಿಸಿ ಗಿರಾಕಿಯೊಬ್ಬನಿಗೆ ತೊಡಿಸಿದ. ನಡುಹೊಳೆಯಲ್ಲಿ ದೋಣಿ ಮಗುಚಿತು. ಅಣ್ಣ ಒಬ್ಬೊಬ್ಬರನ್ನೇ ನೂಕಿ ಬಂಡೆ ಹತ್ತಿಸಿದ. ಕೊನೆಯವನು ಹತ್ತುತ್ತಿದ್ದಂತೆ ನೀರು ಅಣ್ಣನನ್ನು ಬಂಡೆಯ ಬುಡದ ಪೊಟರೆಗೆ ಎಳೆದುಕೊಂಡಿತು. ಹಿಂದಿನ ದೋಣಿಯಲ್ಲಿದ್ದ ನಾನು ಕಣ್ಣಾರೆ ಕಂಡೆ.

ಮೇಲಿನ ಅಣೆಕಟ್ಟಿನ ಗೇಟು ಮುಚ್ಚಿದರೆ ಹೊಳೆ ಸೊಂಟದ ಮಟ್ಟಕ್ಕಿಳಿಯುತ್ತದೆ, ಅಣ್ಣನನ್ನು ಎತ್ತಬಹುದು. ಆದರೆ ನೀರಿಳಿದರೆ ದೋಣಿ ಓಡುವುದಿಲ್ಲ. ರಜೆಯ ಕಾಲದಲ್ಲಿ ಹಗಲೂ ರಾತ್ರಿ ಗೇಟು ತೆರೆದಿರುವಂತೆ ಧಣಿ ನೋಡಿಕೊಂಡಿದ್ದ.

"ರಜೆ ಮುಗೀಲಿ, ನೋಡೋಣ. ಅವನೇನು ಎದ್ದು ಓಡಿಹೋಗ್ತಾನಾ?" ಎಂದ ನಮ್ಮೆದುರು.

ಅತ್ತಿಗೆ ಠಾಣೆಯ ಸಾಹೇಬರ ಕಾಲಿಗೆ ಬಿದ್ದಳು. ಅವರು ಧಣಿಯ ಹೋಟೆಲಿನ ಜಗಲಿಯಲ್ಲಿ ಕೂತು ಹುರಿದ ಮೀನಿನ ಮುಳ್ಳು ಬಿಡಿಸುತ್ತಿದ್ದರು.

"ಹೆಣ ಸಿಗೋ ತನಕ ಸತ್ತ ಅನ್ನೋಕಾಗಲ್ಲಮ್ಮ. ಕುಡಿದು ಯಾವಳ ಮನೇಲಿ ಬಿದ್ದಿದಾನೋ."

"ಒಂದ್ ಗಳಿಗೆ ಗೇಟು ಮುಚ್ಚಿಸಿ ಸ್ವಾಮಿ. ಅವರ ಮುಖ ನೋಡ್ಬೇಕು."

"ಗೇಟೇನು ನಿಮ್ಮಪ್ಪನ ಮನೆ ಬಾಗಿಲಾ?"

ಧಣಿ ನಕ್ಕ. "ಅಳೋದಾದ್ರೆ ಹಿತ್ತಲಿಗೆ ಹೋಗು. ಜಾಕೆಟ್ ರಾಶಿ ಬಿದ್ದಿದೆ, ತೊಳೀತಾ ಅಳು."

ಅವಳು ಹೋಗಿ ತೊಳೆದಳು. ನನಗೆ ಮೊದಲು ಅವಳ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೆ. ನಾನೇನು ಕಡಿದು ಗುಡ್ಡೆ ಹಾಕಿದ್ದೆ? ಗಿರಾಕಿಗಳು ಆ ಬಂಡೆ ದಾಟುವಾಗ ಕೈಯೆತ್ತಿ ಕಿರುಚಬೇಕು, ನಾವು ಕಿರುಚಿಸಬೇಕು. ಅದಕ್ಕೇ ಅದು ಕೂಗುಬಂಡೆ. ಶುಕ್ರವಾರ, ಶನಿವಾರ, ಅಣ್ಣನ ತಲೆಯ ಮೇಲೆ ನಾನೇ ಅವರನ್ನು ಕೂಗಿಸಿದೆ. ಕೂಲಿ ಬಿಟ್ಟರೆ ಒಲೆ ಉರಿಯುವುದಿಲ್ಲ.

ಭಾನುವಾರ ನನ್ನ ದೋಣಿಗೆ ಸಾಹೇಬರ ಹೆಂಡತಿ, ಅವರ ತಮ್ಮ, ತಮ್ಮನ ಗೆಳೆಯರು ಹತ್ತಿದರು.

"ಇನ್ನೂ ಜೋರಾಗಿ ಕೂಗ್ರೋ! ಕೆಳಗಿರೋ ಮೀನಿಗೂ ಕೇಳ್ಲಿ!" ಎಂದ ಆ ತಮ್ಮ.

ನಾನು ದೋಣಿ ತಿರುಗಿಸಿ ಬಂಡೆಯ ಮೇಲೇರಿಸಿದೆ. ಫೋಟೋಗಿರಬೇಕೆಂದು ಎಲ್ಲರೂ ನಗುತ್ತಾ ಇಳಿದರು. ನಾನೂ ಇಳಿದು, ಹುಟ್ಟುಗಳನ್ನು ಹೊಳೆಗೆಸೆದು ದೋಣಿಯನ್ನು ಕಾಲಿನಿಂದ ನೂಕಿಬಿಟ್ಟೆ.

"ಲೋ ಬೋಳೀಮಗನೇ! ಚರ್ಮ ಸುಲಿದುಬಿಡ್ತೀನಿ!" ದಡದಿಂದ ಧಣಿ ಅರಚಿದ.

"ಗೇಟು ಮುಚ್ಚಿಸು!"

ಹಿಂದೆ ಬಂದ ದೋಣಿಗಳವರು ನನ್ನನ್ನು ನೋಡಿದರು. ಒಬ್ಬನೂ ಬಂಡೆಯತ್ತ ತಿರುಗಿಸಲಿಲ್ಲ. ಸಾಹೇಬರ ಹೆಂಡತಿ "ರೀ, ಏನಾದ್ರೂ ಮಾಡ್ರೀ!" ಎಂದು ಬಾಯಿ ಬಡಿದುಕೊಂಡರು. ದಡದಲ್ಲಿದ್ದ ಸಾಹೇಬರು ತಾವೇ ಫೋನು ಕಿವಿಗಿಟ್ಟರು.

ಮೇಲೆ ಸೈರನ್ ಕೂಗಿತು. ಗೇಟು ಮುಚ್ಚುವಾಗಲೂ ತೆಗೆಯುವಾಗಲೂ ಅದು ಕೂಗುತ್ತದೆ. ಅಣ್ಣನಿಗೆ ಮುಚ್ಚದ ಗೇಟು ಸಾಹೇಬರ ಹೆಂಡತಿಗೆ ಮುಚ್ಚಿತು.

ನೀರಿಳಿಯಿತು. ಮೊದಲು ಕಂಡದ್ದು ಅಣ್ಣನ ಮೊಣಕೈ. ಗಿರಾಕಿಗಳಿಗೆ ದಡಕ್ಕೆ ಬೇರೆ ದಾರಿಯಿರಲಿಲ್ಲ. ಮೂಗು ಮುಚ್ಚಿಕೊಂಡು ಅವನ ಪಕ್ಕದಲ್ಲೇ ಇಳಿದರು, ಒಬ್ಬ ಅವನನ್ನು ದಾಟಿಕೊಂಡೇ ಹೋದ. ಸಾಹೇಬರು ಬಂದು ಹೆಂಡತಿಯ ಕೈ ಹಿಡಿದರು, ಕೆಳಗೆ ನೋಡಲಿಲ್ಲ.

ಅತ್ತಿಗೆ ಸೋಪಿನ ಕೈಯಲ್ಲೇ ನೀರಿಗಿಳಿದು ಬಂದಳು. ದೋಣಿಯವರು ಅವಳ ಹಿಂದೆ ಬಂದರು. ಅಣ್ಣನ ಕಾಲು ಸಂದಿಯಲ್ಲಿ ಕಚ್ಚಿಕೊಂಡಿತ್ತು. ಎಳೆದೆವು, ಬರಲಿಲ್ಲ.

ದಡದಲ್ಲಿ ಗಿರಾಕಿಗಳಿಗೆ ಟವಲು ಹೊದಿಸಿದ್ದರು. ಧಣಿ ಫೋನಿನಲ್ಲಿ ಮಾತಾಡುತ್ತಿದ್ದ. ಮತ್ತೆ ಸೈರನ್ ಕೂಗಿತು.

"ಬರ್ರೋ ಈಚೆ! ನೀರು ಬಿಟ್ರು!" ಯಾರೋ ಕೂಗಿದರು.

ಅತ್ತಿಗೆ ಅಣ್ಣನ ತೋಳನ್ನು ತನ್ನ ಕೈಗೆ ಸುತ್ತಿಕೊಂಡಳು.

"ಎಳೀರೋ," ಎಂದಳು.

ನೀರು ಮೊಣಕಾಲಿಗೆ ಬಂದಿತ್ತು. ನಾವು ಯಾರೂ ಕೈ ಬಿಡಲಿಲ್ಲ.