ಗಂಟೆಯ ಹಗ್ಗ ತಿಂದ ಮೇಕೆ

ಫೋನ್ ಎತ್ತಿ ಹಲೋ ಅಂದರೆ ಈಗಲೂ ಜನ, "ಪುಟ್ಟಾ, ಅಮ್ಮಂಗೆ ಕೊಡಮ್ಮ" ಅನ್ನುತ್ತಾರೆ. ಬಿ.ಎ. ಮುಗಿಸಿದ ಮೇಲೂ ನನ್ನ ಮೆಲ್ಲನೆಯ ಧ್ವನಿ ಮಾತ್ರ ಯಾವುದೋ ಸಣ್ಣ ತರಗತಿಯಲ್ಲಿ ಫೇಲಾಗಿ ಅಲ್ಲೇ ಉಳಿದುಬಿಟ್ಟಿದೆಯೇನೋ. ಈ ಅಳುಕನ್ನು ಡೈರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಹೇಳುವುದಾದರೂ ಅದೇ ಧ್ವನಿಯಲ್ಲಿ ತಾನೇ ಹೇಳಬೇಕು.

ಅಂಥವಳಿಗೆ ಸಿಕ್ಕ ಕೆಲಸ, ಮಕ್ಕಳ ಧ್ವನಿ ಕೇಳಿಸಿಕೊಳ್ಳುವುದು. ಸರ್ಕಾರಿ ಶಾಲೆಗಳಲ್ಲಿ ಓದಿನ ಮಟ್ಟ ಅಳೆಯಲು ಒಂದು ಸಂಸ್ಥೆ ಗುತ್ತಿಗೆ ಹಿಡಿದಿತ್ತು. ಬೆಂಗಳೂರಿನ ಶ್ರೀನಗರದಿಂದ ಬಸ್ಸು ಹತ್ತಿ, ಅವರು ಹೇಳಿದ ಶಾಲೆಗೆ ಹೋಗಿ ಮಗುವಿನ ಮುಂದೆ ಟ್ಯಾಬ್ ಇಡುತ್ತಿದ್ದೆ. ಪರದೆಯ ಮೇಲಿನ ಪುಟ್ಟ ಕಥೆಯನ್ನು ಮಗು ಗಟ್ಟಿಯಾಗಿ ಓದಬೇಕು. ಟ್ಯಾಬೇ ಕೇಳಿಸಿಕೊಂಡು ಹಸಿರು ಅಥವಾ ಕೆಂಪು ಬಣ್ಣ ತೋರಿಸುತ್ತದೆ. ಅರ್ಧ ತರಗತಿಯಾದರೂ ಹಸಿರಾಗದ ಶಾಲೆಯನ್ನು ಮುಚ್ಚಿ, ಮಕ್ಕಳನ್ನು ದೊಡ್ಡ ಶಾಲೆಗೆ ಸೇರಿಸುತ್ತಾರೆ ಎಂದು ಎಲ್ಲ ಕಡೆ ಮಾತಿತ್ತು.

ಆ ದಿನದ್ದು ಜೆ.ಪಿ. ನಗರದೊಳಗೆ ಕರಗಿಹೋದ ಹಳೇ ಹಳ್ಳಿಯ ಶಾಲೆ. ಸುತ್ತ ಅಪಾರ್ಟ್‌ಮೆಂಟುಗಳು, ನಡುವೆ ಹೆಂಚಿನ ಸೂರು, ಅಂಗಳದಲ್ಲಿ ಹೊಂಗೆ ಮರ. ಮರದ ಕೊಂಬೆಗೆ ಕಬ್ಬಿಣದ ಗಂಟೆ, ಗಂಟೆಗೆ ಒಂದು ಮೋಟು ಹಗ್ಗ. ಮಾರ್ಚ್ ಕೊನೆ, ಉದುರಿದ ಹೂವಿನಿಂದ ನೆಲವೆಲ್ಲ ತಿಳಿ ನೇರಳೆಯಾಗಿ, ನಡೆದರೆ ಹೆಜ್ಜೆಯ ಸದ್ದೇ ಕೇಳುತ್ತಿರಲಿಲ್ಲ.

ಧ್ವನಿ ಬಿದ್ದಾಗಲೆಲ್ಲ ಟ್ಯಾಬಿನಲ್ಲಿ ಒಂದು ಅಲೆ ಏಳುತ್ತದೆ. ಕಾಗೆ ಕೂಗಿದರೂ ಏಳುತ್ತದೆ, ಪಕ್ಕದ ಮನೆಯ ಕುಕ್ಕರ್ ಕೂಗಿದರೂ ಏಳುತ್ತದೆ. ಇಡೀ ಓಣಿ ಸರತಿಯಲ್ಲಿ ಬಂದು ಪಾಠ ಒಪ್ಪಿಸುತ್ತಿರುವಂತೆ ನನಗೆ ಅನ್ನಿಸುತ್ತಿತ್ತು.

ಕೊನೆಗೆ ಬಂದವಳು ನಾಲ್ಕನೇ ತರಗತಿಯ ಯಲ್ಲವ್ವ. ಅಪ್ಪ ಅಮ್ಮ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅವಳ ಪಾಲಿಗೆ ಬಂದ ಕಥೆ ಹೀಗಿತ್ತು: ಒಂದು ಮೇಕೆ ಶಾಲೆಯ ಗಂಟೆಯ ಹಗ್ಗವನ್ನು ತಿಂದುಬಿಟ್ಟಿತು. ಗಂಟೆ ಹೊಡೆಯಲಾಗದೆ ಮಕ್ಕಳು ಆಡುತ್ತಲೇ ಇದ್ದರು. ಕೊನೆಗೆ ಚಂದ್ರನೇ ಬಂದು, "ಸಾಕು, ಮನೆಗೆ ಹೋಗಿ" ಎಂದ.

ಯಲ್ಲವ್ವನ ತುಟಿ ಅಲುಗಲಿಲ್ಲ. ಅಲೆ ಮಧ್ಯಾಹ್ನದ ಕೆರೆಯ ಹಾಗೆ ಮಲಗಿತ್ತು. ಆದರೆ ಅವಳ ಕಣ್ಣುಗಳು ಸಾಲಿನಿಂದ ಸಾಲಿಗೆ ಇಳಿಯುತ್ತಿದ್ದವು. ಮೇಕೆಯ ಹತ್ತಿರ ಹುಬ್ಬು ಏರಿತು. ಚಂದ್ರನ ಹತ್ತಿರ ಬಂದಾಗ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಓದಮ್ಮ" ಎಂದೆ ಮೆಲ್ಲಗೆ. ನನ್ನ ಮಾತಿಗೆ ಅಲೆ ಎದ್ದಿತು, ಅವಳ ಓದಿಗೆ ಏಳಲಿಲ್ಲ. ಕೆಂಪು.

ಊಟದ ಹೊತ್ತಿಗೆ ನೋಡಿದರೆ ಅವಳು ಹೊಂಗೆ ಮರದ ಕೆಳಗೆ ನಿಂತಿದ್ದಳು. ಹಿಮ್ಮಡಿ ಎತ್ತಿ ಗಂಟೆಯ ಮೋಟು ಹಗ್ಗವನ್ನು ಹಿಡಿದು, ಅದರ ಹರಿದ ತುದಿಯನ್ನು ನನಗೆ ಕಾಣುವಂತೆ ತೋರಿಸಿ, ದವಡೆ ಆಡಿಸಿ ಮೇಕೆಯ ಹಾಗೆ ಮೆಲುಕು ಹಾಕಿದಳು. ನನಗೆ ನಗು ತಡೆಯಲಾಗಲಿಲ್ಲ. ಒಂದು ಮಾತಿಲ್ಲದೆ ಇಡೀ ಕಥೆಯನ್ನು ನನಗೆ ಒಪ್ಪಿಸಿದ್ದಳು.

ಮುಖ್ಯ ಶಿಕ್ಷಕಿ ಪಂಕಜಾ ಮೇಡಂ ಪಕ್ಕಕ್ಕೆ ಬಂದು ನಿಂತರು. ಇನ್ನೊಂದು ಮಗು ಹಸಿರಾದರೆ ಶಾಲೆ ಉಳಿಯುತ್ತದೆ ಎಂದು ಅವರು ಆಗಲೇ ಲೆಕ್ಕ ಹಾಕಿಕೊಂಡಿದ್ದರು.

"ಮನೇಲಿ ಮಾತಾಡ್ತಾಳಂತೆ, ಇಲ್ಲಿ ಬಾಯೇ ಬಿಡಲ್ಲ. ಆ ಕಡೆ ದೊಡ್ಡ ಶಾಲೆಗೆ ಸೇರಿಸಿದ್ರೆ ಇಂಥವರು ಬರೋದೇ ನಿಲ್ಲಿಸ್ತಾರೆ ಕಣಮ್ಮ. ಕನಕಪುರ ರೋಡ್ ದಾಟಿಸೋರು ಯಾರು?" ಆಮೇಲೆ ದನಿ ತಗ್ಗಿಸಿದರು. "ನಿಮ್ಮ ಧ್ವನಿ ಹೆಂಗಿದ್ರೂ ಮಗು ಥರಾನೇ ಇದೆ. ನೀವೇ ಓದಿಬಿಡಿ. ಟ್ಯಾಬಿಗೇನು ಗೊತ್ತಾಗುತ್ತೆ?"

ಯಲ್ಲವ್ವ ಓದಿದ್ದಂತೂ ನಿಜ, ನಾನು ಕೊಡುವುದು ಬರೀ ಧ್ವನಿ ಎಂದುಕೊಂಡೆ. ಖಾಲಿ ಕೋಣೆಯಲ್ಲಿ ಕೂತು ಅವಳ ಹೆಸರನ್ನು ಮತ್ತೆ ಒತ್ತಿ ಓದಿದೆ. ಓದುತ್ತ ಓದುತ್ತ ಗೋಡೆಗಳು ತೆಳ್ಳಗಾದವು. ಗಂಟೆಯಿಲ್ಲದ ಆ ಸಂಜೆಯಲ್ಲಿ ನಾನೂ ಆಡುತ್ತಿದ್ದೆ, ಯಾರೂ ನನಗೆ ಗಟ್ಟಿಯಾಗಿ ಮಾತಾಡು ಎನ್ನುತ್ತಿರಲಿಲ್ಲ. ಕೊನೆಯ ಸಾಲು ಮುಗಿದಾಗ ಪರದೆ ಹಸಿರಾಗಿತ್ತು. "ಉತ್ತಮ ಓದು." ನನ್ನ ಧ್ವನಿಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಕಿಟಕಿಯಾಚೆ ಯಲ್ಲವ್ವ ನಿಂತಿದ್ದಳು.

ಸಂಜೆ ಮರದ ಕೆಳಗೆ ಸಭೆ ಸೇರಿತು. ಶಿಕ್ಷಣ ಇಲಾಖೆಯಿಂದ ಶಿವರಾಮ್ ಸಾರ್ ಬಂದಿದ್ದರು. ದೊಡ್ಡ ಶಾಲೆಯಲ್ಲಿ ಇಂಗ್ಲಿಷ್ ಇದೆ, ಕಂಪ್ಯೂಟರ್ ಇದೆ, ಸೇರಿಸಿದರೇನು ತಪ್ಪು ಎಂದು ಕೆಲವು ಅಮ್ಮಂದಿರು ಕೇಳಿದರು. ಪುಟ್ಟ ಮಕ್ಕಳು ಅಷ್ಟು ದೂರ ಹೋಗುವುದು ಹೇಗೆ ಎಂದರು ಇನ್ನು ಕೆಲವರು. ಸರ್ಕಾರ ಸಂಬಳ ಕೊಡುವಾಗ ಮಕ್ಕಳು ಕಲಿತರೋ ಇಲ್ಲವೋ ಎಂದು ಕೇಳಬಾರದೇ ಎಂದು ಸಾರ್ ಸಮಾಧಾನದಿಂದಲೇ ಹೇಳಿದರು. ನನಗೆ ಎಲ್ಲರೂ ಸರಿ ಅನ್ನಿಸುತ್ತಿತ್ತು. ಶಾಲೆಗೆ ಜಾಗ ಕೊಟ್ಟ ಮನೆತನದ ಚಿಕ್ಕಬೈರಪ್ಪನವರು ಮಾತ್ರ ಕಾಲ ಮೇಲೆ ಕಾಲು ಹಾಕಿಕೊಂಡು, "ಮಕ್ಳಿಗೂ ಪರೀಕ್ಷೆ, ಮೇಷ್ಟ್ರಿಗೂ ಪರೀಕ್ಷೆ. ಸಾಹೇಬ್ರಿಗೆ ಯಾವಾಗ ಇಟ್ಕೊಂಡಿದ್ದೀರಾ ಸಾರ್?" ಎಂದು ಕೇಳಿ ಎಲ್ಲರನ್ನೂ ನಗಿಸಿದರು.

ಸಾರ್ ಕೂಡ ನಕ್ಕು ಟ್ಯಾಬ್ ಎತ್ತಿದರು. ಅರ್ಧ ದಾಟಿದೆ, ಈ ವರ್ಷ ಈ ಶಾಲೆಗೆ ಏನೂ ಆಗುವುದಿಲ್ಲ ಎಂದರು. ಪಂಕಜಾ ಮೇಡಂ ಕಣ್ಣು ಮುಚ್ಚಿ ಉಸಿರು ಬಿಟ್ಟರು. "ಇಲ್ನೋಡಿ, ಕೊನೇ ಮಗು ಎಷ್ಟು ಚೆನ್ನಾಗಿ ಓದಿದೆ. ಯಲ್ಲವ್ವ ಅಂತ. ನೀವೇ ಕೇಳಿ" ಎಂದು ಸಾರ್ ಗುಂಡಿ ಒತ್ತಿದರು.

ಹೊಂಗೆಯ ನೆರಳಿನಲ್ಲಿ ನನ್ನ ಧ್ವನಿ ತೇಲಿತು. ಮೇಕೆ, ಹಗ್ಗ, ಚಂದ್ರ. ಹೂವು ಒಂದೊಂದೇ ಉದುರುತ್ತಿತ್ತು.

ಹಿಂದಿನ ಸಾಲಿನಲ್ಲಿ ಯಲ್ಲವ್ವನ ತಾಯಿ, ಕೆಲಸದಿಂದ ನೇರ ಬಂದವಳು, ತಲೆ ವಾಲಿಸಿ ಕೇಳುತ್ತಿದ್ದಳು. ಅನುಮಾನವೂ ಆಸೆಯೂ ಒಟ್ಟಿಗೇ ಇದ್ದ ಮುಖ. ಮಗಳ ಗಲ್ಲ ಹಿಡಿದು ಕೇಳಿದಳು. "ದನಿ ಬ್ಯಾರೆ ಅನಸ್ತೈತಿ. ನೀನ ಓದಿದೇನವಾ?"

ಯಲ್ಲವ್ವ ತಾಯಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆ ನೋಟದಲ್ಲಿ ದೂರಿರಲಿಲ್ಲ. ಹೌದು ಎಂದರೆ ಸುಳ್ಳು, ಇಲ್ಲ ಎಂದರೂ ಸುಳ್ಳು. ಬಿಡಿಸಿ ಹೇಳುವವರು ಬರಲಿ ಎಂದು ಅವಳು ಸುಮ್ಮನೆ ಕಾಯುತ್ತಿದ್ದಳು.

ಪಂಕಜಾ ಮೇಡಂ ನನ್ನ ಮೊಣಕೈ ಒತ್ತಿ ಹಿಡಿದರು. ನಾನು ಎದ್ದು ನಿಂತೆ. ನನ್ನ ಮಾತು ಮೊದಲ ಸಾಲಿಗೂ ತಲುಪದೇನೋ ಎಂಬ ಹಳೇ ಹೆದರಿಕೆ. ಆದರೆ ತಲುಪಬೇಕಾದದ್ದು ಕೊನೆಯ ಸಾಲಿಗೆ.

"ಸಾರ್, ಆ ಧ್ವನಿ ನಂದು. ಕಥೆ ಓದಿದ್ದು ಯಲ್ಲವ್ವ, ಬಾಯಿ ಬಿಡದೆ."