ಟಕ್ ಅನ್ನದ ಕ್ಯಾಮೆರಾ

ಹದಿನಾಲ್ಕು ವರ್ಷ ದುಡಿದ ಕ್ಯಾಮೆರಾ ಒಂದು ಶುಕ್ರವಾರ ಬೆಳಿಗ್ಗೆ, ನಾಟಕದ ತಾಲೀಮಿನ ನಟ್ಟನಡುವೆ ಕೈಕೊಟ್ಟಿತು. ಒಳಗಿನ ಕನ್ನಡಿ ಅರ್ಧ ಎದ್ದು, ಅಲ್ಲೇ ಮುಷ್ಕರ ಹೂಡಿತು. ಫೋಟೋಣ್ಣ ತಟ್ಟಿದ, ಊದಿದ, ಬೈದ, ಆಮೇಲೆ ಪುಸಲಾಯಿಸಿಯೂ ನೋಡಿದ. ಜಪ್ಪಯ್ಯ ಎಂದರೂ ಅದು ಕದಲಲಿಲ್ಲ.

ಫೋಟೋಣ್ಣ ಎಂದರೆ ಆ ನಾಟಕ ತಂಡದ ಫೋಟೋಗ್ರಾಫರ್. ಇಪ್ಪತ್ತೆರಡು ವರ್ಷದಿಂದ ಎರಡನೇ ಸಾಲಿನ ನಾಲ್ಕನೇ ಕುರ್ಚಿ ಅವನದು. ಪ್ರದರ್ಶನದ ದಿನ ದುಡ್ಡು ಕೊಟ್ಟು ಬಂದವರಿಗೆ ತೊಂದರೆಯಾಗಬಾರದೆಂದು ಕ್ಯಾಮೆರಾ ಮುಟ್ಟುತ್ತಿರಲಿಲ್ಲ. ಅವನ ಕೆಲಸವೆಲ್ಲ ತಾಲೀಮಿನಲ್ಲೇ, ಖಾಲಿ ಕುರ್ಚಿಗಳ ನಡುವೆ. ಅವನಿಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂರುತ್ತಿದ್ದವರು ಅವನ ಸೋದರಮಾವ. ಮಾವ ಬಿಟ್ಟುಹೋದ ಆಸ್ತಿ ಒಂಬತ್ತು ಲೆನ್ಸು. ಎಲ್ಲವೂ ಲೋಹದವು, ಎಲ್ಲವನ್ನೂ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. ಚಿಕ್ಕದಕ್ಕೆ ಗಿಡ್ಡ ಎಂದೂ, ದೂರದ್ದನ್ನು ಹತ್ತಿರ ಎಳೆದು ತೋರಿಸುವುದಕ್ಕೆ ಉದ್ದಮೂತಿ ಎಂದೂ ಹೆಸರು. ಮುಖದ ಮೇಲಿನ ಒಂದೇ ಒಂದು ಕಲೆಯನ್ನೂ ಬಿಡದೆ ಎತ್ತಿ ಆಡುತ್ತಿದ್ದ ಮೂರನೆಯದಕ್ಕೆ ಮಾವ ಅತ್ತೆ ಎಂದು ಹೆಸರಿಟ್ಟಿದ್ದರು, ಅದೂ ತಮ್ಮ ಅತ್ತೆ ಬದುಕಿದ್ದಾಗಲೇ.

ಈ ಒಂಬತ್ತೂ ಮನೆಯ ಬಟ್ಟೆ ಬೀರುವಿನ ನಡುವಿನ ಅರೆಯಲ್ಲಿ, ಗಾಳಿಯಾಡದ ಡಬ್ಬಿಗಳಲ್ಲಿ ಇರುತ್ತಿದ್ದವು. "ನನ್ನ ಬಟ್ಟೆಗೆ ಜಾಗ ಇಲ್ಲ, ನಿಮ್ಮ ಗಾಜಿಗೆ ಅರಮನೆ" ಎಂದು ಹೆಂಡತಿ ವಾರಕ್ಕೊಮ್ಮೆಯಾದರೂ ಹೇಳದೆ ಬಿಡುತ್ತಿರಲಿಲ್ಲ. ಆದರೂ ಡಬ್ಬಿಯೊಳಗಿನ ತೇವ ಹೀರುವ ಪೊಟ್ಟಣಗಳನ್ನು ನೆನಪಿಟ್ಟು ಬದಲಾಯಿಸುತ್ತಿದ್ದವಳೂ ಅವಳೇ.

ಹೆಂಡತಿಯ ತಮ್ಮನದು ಕ್ಯಾಮೆರಾ ಅಂಗಡಿ. ಶುಕ್ರವಾರ ಸಂಜೆ ಗಂಡ ಹೆಂಡತಿ ಇಬ್ಬರೂ ಅಲ್ಲಿಗೆ ಹೋದರು. ಭಾವಮೈದ ಕ್ಯಾಮೆರಾವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕೆಳಗಿಟ್ಟು ತಲೆಯಾಡಿಸಿದ.

"ಭಾವ, ಇದರ ಕಥೆ ಮುಗೀತು. ಬಿಡಿಭಾಗ ಸಿಗಲ್ಲ. ಒಂದು ಕೆಲಸ ಮಾಡಿ, ಆ ಒಂಬತ್ತು ಹಳೇ ಲೆನ್ಸ್ ನನಗೆ ಕೊಟ್ಬಿಡಿ. ಹೊಸ ಬಾಡಿ ಜೊತೆ ಎರಡು ಹೊಸ ಲೆನ್ಸ್ ಕೊಡ್ತೀನಿ."

"ಬೇಕಾದ್ರೆ ನಿನ್ನ ಅಕ್ಕನ್ನ ವಾಪಸ್ ಕಳಿಸ್ತೀನಿ. ಲೆನ್ಸ್ ಮಾತ್ರ ಕೇಳಬೇಡ."

"ಇಲ್ಲೇ ಇದ್ದೀನಿ, ಕೇಳಿಸ್ತು" ಎಂದಳು ಹೆಂಡತಿ, ಗಾಜಿನ ಕಪಾಟಿನ ಆಚೆಯಿಂದ.

ಭಾವಮೈದ ನಕ್ಕು ಎರಡು ಬಾಡಿಗಳನ್ನು, ಎಂದರೆ ಲೆನ್ಸಿಲ್ಲದ ಬರೀ ಕ್ಯಾಮೆರಾಗಳನ್ನು, ತಂದು ಮೇಜಿನ ಮೇಲಿಟ್ಟ. ಮೊದಲನೆಯದು ಹಳೆಯದರ ಜಾತಿಯದೇ. ಒಳಗೆ ಕನ್ನಡಿ ಉಂಟು, ಮಾವನ ಲೆನ್ಸುಗಳು ನೇರವಾಗಿ ಕೂರುತ್ತವೆ, ಕೈಯಲ್ಲಿ ಹಿಡಿದರೆ ಏನೋ ಹಿಡಿದಿದ್ದೇನೆ ಅನ್ನಿಸುವಷ್ಟು ತೂಕ, ಗುಂಡಿ ಒತ್ತಿದರೆ ಕನ್ನಡಿ ಏಳುವ ಟಕ್ ಎಂಬ ಸದ್ದು. ಎರಡನೆಯದಕ್ಕೆ ಕನ್ನಡಿಯೇ ಇಲ್ಲ. ಲೆನ್ಸಿಗೂ ಬಾಡಿಗೂ ನಡುವೆ ಒಂದು ಉಂಗುರ ಹಾಕಬೇಕು. ಆದರೆ ಕತ್ತಲಲ್ಲೂ ಒಳಗಡೆ ಬೆಳಕಾಗಿ ಕಾಣುತ್ತದೆ, ಫೋಕಸ್ ಕೂತ ಕಡೆ ಅಂಚಿಗೆ ಕೆಂಪು ಗೆರೆ ಮೂಡುತ್ತದೆ. ಐವತ್ತೈದು ದಾಟಿದ ಕಣ್ಣಿಗೆ ಅದೇನು ಸಣ್ಣ ಉಪಕಾರವಲ್ಲ. ಸದ್ದು ಮಾತ್ರ ಸೊನ್ನೆ.

"ಒತ್ತಿದೆನಾ?" ಎಂದ ಫೋಟೋಣ್ಣ, ಗುಂಡಿ ಒತ್ತಿ.

"ಆರು ಫೋಟೋ ಆಯ್ತು ಭಾವ, ಬೆರಳು ತೆಗೀರಿ."

ಎರಡನ್ನೂ ಮುಂದಿನ ವಾರವೆಲ್ಲ ಇಟ್ಟುಕೊಂಡು ನೋಡಿ ಎಂದು ಭಾವಮೈದ ಕೊಟ್ಟುಕಳಿಸಿದ. ಫೋಟೋಣ್ಣನಿಗೆ ಹಬ್ಬವೋ ಹಬ್ಬ. ಶನಿವಾರ ಭಾನುವಾರವೆಲ್ಲ ಊಟದ ಮೇಜಿನ ಮೇಲೆ ಒಂಬತ್ತು ಲೆನ್ಸು, ಎರಡು ಬಾಡಿ. ಇದನ್ನು ಅದಕ್ಕೆ, ಅದನ್ನು ಇದಕ್ಕೆ. ಹೆಂಡತಿ ಪಕ್ಕದ ಕೋಣೆಯಲ್ಲಿ ತಟ್ಟೆ ಹಿಡಿದು ಊಟ ಮಾಡಿದಳು.

ಅವನ ಕೈ ಮೊದಲನೆಯದನ್ನೇ ಬಯಸುತ್ತಿತ್ತು, ಕಣ್ಣು ಎರಡನೆಯದನ್ನು. ತೀರ್ಮಾನ ಅವನೊಬ್ಬನ ಕೈಯಲ್ಲಿದ್ದಿದ್ದರೆ ವರ್ಷವಿಡೀ ಹೀಗೇ ತೂಗುತ್ತಾ ಕೂರುತ್ತಿದ್ದನೋ ಏನೋ. ಆದರೆ ಸೋಮವಾರ ನಿರ್ದೇಶಕಿ ಅವನ ಕುರ್ಚಿಯ ಹತ್ತಿರ ಬಂದಳು. ಮೂರು ವಾರದ ಹಿಂದಷ್ಟೇ ತಂಡಕ್ಕೆ ಬಂದವಳು, ವಯಸ್ಸಿನಲ್ಲಿ ಚಿಕ್ಕವಳು, ಕೆಲಸದಲ್ಲಿ ಬಲು ಖಡಕ್ಕು. ಕೈಯಲ್ಲಿ ಸದಾ ನಾಟಕದ ಪ್ರತಿ, ಕಿವಿಯ ಮೇಲೆ ಪೆನ್ಸಿಲ್.

"ಸರ್, ಬೇಜಾರ್ ಮಾಡ್ಕೋಬೇಡಿ. ಹೇಗೂ ಹೊಸದು ತಗೋತಿದ್ದೀರಲ್ಲ, ಸದ್ದು ಮಾಡದೇ ಇರೋದನ್ನ ತಗೊಳ್ಳಿ. ಮಾತಿನ ನಡುವೆ ಟಕ್ ಅಂದ್ರೆ ನನ್ನ ತಲೆ ಕೆಡುತ್ತೆ. ಈ ಒಂದು ವಾರ ಸಹಿಸ್ಕೋತೀನಿ. ಆಮೇಲೂ ಸದ್ದಿದ್ರೆ ತಾಲೀಮಿಗೆ ಬರೋದು ಬೇಡ."

ಫೋಟೋಣ್ಣನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಆದರೂ ಅವಳ ಮಾತಿನಲ್ಲಿ ತಪ್ಪೇನಿದೆ? ಇಷ್ಟು ವರ್ಷ ಎಲ್ಲರಿಗೂ ಕಿರಿಕಿರಿ ಮಾಡುತ್ತಲೇ ಬಂದೆನೇನೋ, ದಾಕ್ಷಿಣ್ಯಕ್ಕೆ ಯಾರೂ ಹೇಳಲಿಲ್ಲವೇನೋ ಎಂದುಕೊಂಡು ನಾಚಿಕೆಪಟ್ಟ.

ನಾಟಕದ ಮುಖ್ಯ ಪಾತ್ರ ದೊಡ್ಡಕ್ಕನದು. ಅರವತ್ತೆಂಟರ ಹಿರಿಯ ನಟಿ, ತಂಡಕ್ಕೆಲ್ಲ ಅಕ್ಕ. ಸಮುದ್ರದ ದಂಡೆಯ ದೀಪಸ್ತಂಭದ ಕಾವಲುಗಾರ ಸತ್ತಮೇಲೆ ಆ ಸಾವನ್ನು ಮುಚ್ಚಿಟ್ಟು ತಾನೇ ದಿನವೂ ದೀಪ ಹಚ್ಚುವ ಅವನ ಹೆಂಡತಿಯ ಪಾತ್ರ. ಎರಡನೇ ಅಂಕದಲ್ಲಿ ಹನ್ನೊಂದು ನಿಮಿಷ ರಂಗದ ಮೇಲೆ ಅವಳೊಬ್ಬಳೇ, ಮಾತೂ ಅವಳೊಬ್ಬಳದೇ.

ಸೋಮವಾರ ಫೋಟೋಣ್ಣ ಕನ್ನಡಿಯ ಬಾಡಿ ಒಯ್ದಿದ್ದ. ದೊಡ್ಡಕ್ಕ ಹನ್ನೊಂದು ನಿಮಿಷವನ್ನೂ ನೀರು ಕುಡಿದ ಹಾಗೆ ಮುಗಿಸಿದಳು. ಮಂಗಳವಾರ ಸದ್ದಿಲ್ಲದ ಬಾಡಿ ಒಯ್ದ. ಅಂದು ದೊಡ್ಡಕ್ಕ ನಡುವೆ ತಡವರಿಸಿದಳು, ಒಂದೇ ಮಾತನ್ನು ಎರಡು ಸಲ ಹೇಳಿದಳು, ಮುಂದಿನ ಇಡೀ ಪುಟ ಬಿಟ್ಟುಬಿಟ್ಟಳು. ಬುಧವಾರ ಮತ್ತೆ ಸರಾಗ. ಗುರುವಾರವಂತೂ ನಾಲ್ಕನೇ ನಿಮಿಷಕ್ಕೇ ನಿಂತು, ಕತ್ತಲಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. ಬಾಯಿಂದ ಒಂದಕ್ಷರ ಹೊರಡಲಿಲ್ಲ.

ನಿರ್ದೇಶಕಿ ರಂಗದ ಅಂಚಿಗೆ ಹೋಗಿ ಮೆಲ್ಲಗೇ ಹೇಳಿದಳು. ಆದರೆ ಖಾಲಿ ಸಭಾಂಗಣದಲ್ಲಿ ಮೆಲ್ಲಗೆ ಹೇಳಿದ್ದೂ ಎಲ್ಲರಿಗೂ ಕೇಳುತ್ತದೆ. "ದೊಡ್ಡಕ್ಕ, ಶನಿವಾರ ಒಂದು ಸಲ ನೋಡೋಣ. ಅವತ್ತೂ ಹೀಗಾದ್ರೆ ಈ ಪಾತ್ರ ಬೇರೆಯವರಿಗೆ ಕೊಡಬೇಕಾಗುತ್ತೆ. ನನಗೆ ಬೇರೆ ದಾರಿ ಇಲ್ಲ." ದೊಡ್ಡಕ್ಕ ತಲೆಯಾಡಿಸಿದಳು. ಅವಳ ಕೆನ್ನೆ ಅದುರುತ್ತಿದ್ದದ್ದು ಫೋಟೋಣ್ಣನಿಗೆ ಉದ್ದಮೂತಿಯೊಳಗಿಂದ ಸ್ಪಷ್ಟವಾಗಿ ಕಂಡಿತು. ಅವನು ಗುಂಡಿ ಒತ್ತಲಿಲ್ಲ.

ಮನೆಗೆ ಬಂದರೂ ಅವನಿಗೆ ಅದೇ ಧ್ಯಾನ. ನಾಲ್ಕೂ ದಿನದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಸಾಲಾಗಿ ಹಾಕಿಕೊಂಡ. ಒಂದು ದಿನ ಬಿಟ್ಟು ಒಂದು ದಿನ ಮರೆವು ಬರುತ್ತದೆಯೇ? ವಯಸ್ಸಾದ ಮರೆವಾದರೆ ಅದಕ್ಕೆ ಇಷ್ಟು ಶಿಸ್ತೆಲ್ಲಿಂದ ಬರಬೇಕು?

"ಮಂಗಳವಾರ, ಗುರುವಾರ ಏನು ಬೇರೆ ಇತ್ತು?" ಎಂದು ಹೆಂಡತಿಯನ್ನೇ ಕೇಳಿದ.

"ನಾನೇನು ಅಲ್ಲಿದ್ನಾ? ನೀವು ಮಾತ್ರ ಆ ಎರಡು ದಿನ ಚಿಕ್ಕ ಚೀಲ ತಗೊಂಡು ಹೋದ್ರಿ, ಅಷ್ಟು ಗೊತ್ತು."

ಚಿಕ್ಕ ಚೀಲ, ಅಂದರೆ ಹಗುರದ ಬಾಡಿ. ಆದರೆ ಫೋಟೋಣ್ಣ ಅಷ್ಟಕ್ಕೇ ಒಪ್ಪುವವನಲ್ಲ. ಆ ಎರಡೂ ದಿನ ಉದ್ದಮೂತಿ ಹಾಕಿದ್ದ, ಅದರ ದಪ್ಪ ಗಾಜು ಬೆಳಕಿಗೆ ಮಿಂಚಿ ದೊಡ್ಡಕ್ಕನ ಕಣ್ಣಿಗೆ ಹೊಡೆಯಿತೇ? ಹೊಸ ಬಾಡಿಯ ಹಿಂದಿನ ಪರದೆ ಅವನ ಮುಖದ ಮೇಲೆ ಬೆಳಕು ಚೆಲ್ಲಿ ಅವಳನ್ನು ಬೆಚ್ಚಿಬೀಳಿಸಿತೇ? ಮನೆಯ ಕೋಣೆ ಕತ್ತಲು ಮಾಡಿ, ಹೆಂಡತಿಯನ್ನು ಎದುರು ನಿಲ್ಲಿಸಿ, ಎಲ್ಲವನ್ನೂ ಪರೀಕ್ಷಿಸಿದ. ಏನೂ ಕಾಣುವುದಿಲ್ಲ, ನನಗೆ ನಿದ್ದೆ ಬರುತ್ತಿದೆ ಎಂದಳು ಅವಳು. ಲೆನ್ಸಲ್ಲ, ಬೆಳಕಲ್ಲ. ಇನ್ನು ಉಳಿದದ್ದು ಸದ್ದೊಂದೇ.

ಶುಕ್ರವಾರ ನಿರ್ದೇಶಕಿ ಉಡುಪಿನ ಅಳತೆಗೆಂದು ಹೊರಗೆ ಹೋಗಿದ್ದಳು. ದೊಡ್ಡಕ್ಕ ಒಬ್ಬಳೇ ಅಭ್ಯಾಸಕ್ಕೆ ನಿಂತಳು. ಫೋಟೋಣ್ಣ ಅದೇ ಕುರ್ಚಿಯಲ್ಲಿ ಕೂತ. ಕೈಯಲ್ಲಿ ಸದ್ದಿಲ್ಲದ್ದು, ತೊಡೆಯ ಮೇಲೆ ಸದ್ದಿನದು, ಅದರ ಲೆನ್ಸಿಗೆ ಮುಚ್ಚಳ ಹಾಕಿಯೇ ಇತ್ತು. ಮೂರು ನಿಮಿಷ ಕಳೆಯಿತು. ನಾಲ್ಕನೆಯದಕ್ಕೆ ದೊಡ್ಡಕ್ಕನ ದನಿ ಸಣ್ಣಗಾಗುತ್ತಾ ಬಂತು. "ನೂರಾ ಹನ್ನೆರಡು ಮೆಟ್ಟಿಲು. ಮೊದಮೊದಲು ಎಣಿಸ್ತಿದ್ದೆ..." ಎಂದವಳು ಅಲ್ಲೇ ಸಿಕ್ಕಿಕೊಂಡು ಕತ್ತಲಿನ ಕಡೆ ನೋಡಿದಳು.

ಫೋಟೋಣ್ಣ ತೊಡೆಯ ಮೇಲಿದ್ದುದರ ಗುಂಡಿ ಒತ್ತಿದ. ಟಕ್.

ದೊಡ್ಡಕ್ಕನ ಬೆನ್ನು ನೆಟ್ಟಗಾಯಿತು. "ಈಗ ಕಾಲೇ ಎಣಿಸುತ್ತೆ" ಎಂದು ಮಾತು ಮುಂದಕ್ಕೆ ಹರಿಯಿತು. ಮುಚ್ಚಳ ಹಾಕಿದ ಕ್ಯಾಮೆರಾದಲ್ಲಿ ಹಿಡಿಯುವುದಕ್ಕೇನೂ ಇರಲಿಲ್ಲ, ಆದರೂ ಫೋಟೋಣ್ಣ ತನಗೆ ಮಾತು ಹಿಡಿಸಿದ ಕಡೆಯೆಲ್ಲ ಒತ್ತುತ್ತಾ ಹೋದ. ಹನ್ನೊಂದು ನಿಮಿಷ ಎಲ್ಲೂ ಎಡವದೆ ಮುಗಿಯಿತು.

ಮುಗಿದಮೇಲೆ ಹೋಗಿ ಎಲ್ಲವನ್ನೂ ಹೇಳಿದ. ದೊಡ್ಡಕ್ಕ ಮೊದಲು ನಕ್ಕಳು, ಆಮೇಲೆ ರಂಗದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು.

"ನನಗೇ ಗೊತ್ತಿರಲಿಲ್ಲ ಕಣೋ. ಮರೆವು ಶುರುವಾಯ್ತು ಅಂತ ಎರಡು ದಿನ ಮನೇಲಿ ಅತ್ತಿದ್ದೀನಿ. ಆಟದ ದಿನ ಜನ ಇರ್ತಾರೆ. ನಗ್ತಾರೆ, ಕೆಮ್ಮೋದು ನಿಲ್ಲಿಸ್ತಾರೆ, ಮಾತು ಮುಟ್ಟಿತು ಅಂತ ಗೊತ್ತಾಗುತ್ತೆ. ಇಲ್ಲಿ ದೀಪದ ಬೆಳಕಿಗೆ ಮೊದಲ ಸಾಲೂ ಕಾಣಲ್ಲ. ನೀನು ಟಕ್ ಅಂದ್ರೆ, ಓ, ಒಬ್ಬನಿಗಾದ್ರೂ ಮುಟ್ಟಿತು ಅಂತ ಮುಂದಕ್ಕೆ ಹೋಗ್ತಿದ್ದೆ. ನಿಮ್ಮ ಮಾವನ ಕಾಲದಿಂದಲೂ ಹಾಗೇ."

"ನಿರ್ದೇಶಕಿಗೆ ಹೇಳ್ಬಿಡೋಣ ದೊಡ್ಡಕ್ಕ" ಎಂದ ಫೋಟೋಣ್ಣ.

"ಹೇಳೀಯ, ಜೋಕೆ! ಕ್ಯಾಮೆರಾ ಸದ್ದಿಲ್ಲದೆ ಮಾತಾಡೋಕಾಗದ ಮುದುಕಿ ಅಂತಾರೆ. ಅದೂ ಬೇಕಾ ನನಗೆ?"

ಶನಿವಾರ ಫೋಟೋಣ್ಣ ದೊಡ್ಡ ಚೀಲವನ್ನೇ ಹೊತ್ತು ಹೋದ. ನಿರ್ದೇಶಕಿ ಸಹಿಸಿಕೊಳ್ಳುತ್ತೇನೆಂದ ವಾರಕ್ಕೆ ಅದೇ ಕೊನೆಯ ದಿನ. ಟಕ್ ಅಂದಾಗಲೆಲ್ಲ ಅವಳ ಹುಬ್ಬು ಮೇಲೇರುತ್ತಿತ್ತು, ಅವನು ನೋಡಿಯೂ ನೋಡದವನ ಹಾಗೆ ಒತ್ತುತ್ತಿದ್ದ. ದೊಡ್ಡಕ್ಕ ಒಂದಕ್ಷರ ತಪ್ಪಲಿಲ್ಲ. ದೀಪ ಹಚ್ಚುವ ಕೊನೆಯ ಮಾತಿಗೆ ಬೆಳಕಿನ ಕೆಲಸದವನೂ ಏಣಿಯ ಮೇಲೆ ಕಣ್ಣೊರೆಸಿಕೊಂಡ.

"ಪಾತ್ರ ನಿಮ್ಮದೇ ದೊಡ್ಡಕ್ಕ" ಎಂದಳು ನಿರ್ದೇಶಕಿ. ಆಮೇಲೆ ಹಿಂದಕ್ಕೆ ತಿರುಗಿದಳು. "ಸರ್, ಸೋಮವಾರದಿಂದ ಆ ಸದ್ದು ಇರಬಾರದು. ಇದ್ದರೆ ನೀವು ಬರಬೇಡಿ."

ಫೋಟೋಣ್ಣ ಲೆನ್ಸ್ ಬಿಚ್ಚತೊಡಗಿದ. ಬಾಯಿಬಿಟ್ಟರೆ ದೊಡ್ಡಕ್ಕನ ಮಾನ ಹೋಗುತ್ತದೆ, ಬಿಡದಿದ್ದರೆ ಸೋಮವಾರ ಅವಳ ಪಾತ್ರವೇ ಹೋಗುತ್ತದೆ.

"ಅವನು ಬರದಿದ್ರೆ ನಾನೂ ಬರಲ್ಲ" ಎಂಬ ದನಿ ರಂಗದ ಮೇಲಿಂದ ಬಂತು. ದೊಡ್ಡಕ್ಕ ಎಲ್ಲರ ಎದುರೇ ಎಲ್ಲವನ್ನೂ ಹೇಳಿಬಿಟ್ಟಳು, ಮಂಗಳವಾರದ್ದು, ಗುರುವಾರದ್ದು, ಮುಚ್ಚಳ ಹಾಕಿದ ಕ್ಯಾಮೆರಾದ್ದು. ಕೊನೆಗೆ ಅವಳ ದನಿ ಏರಿತು. "ನೋಡಮ್ಮ, ನೀನು ಜಾಣೆ. ನೀನು ತೋರಿಸೋ ತಪ್ಪೆಲ್ಲ ಸರಿಯಾಗೇ ಇರುತ್ತೆ. ಆದ್ರೆ ಮೂರು ವಾರದಿಂದ ಒಂದೇ ಒಂದು ಸಲ, ಇದು ಮುಟ್ಟಿತು ಅಂತ ಯಾರಿಗಾದ್ರೂ ಹೇಳಿದ್ದೀಯಾ? ಗೋಡೆ ಮುಂದೆ ಎಷ್ಟು ಹೊತ್ತು ಮಾತಾಡಲಿ ನಾನು?"

ನಿರ್ದೇಶಕಿಯ ಮುಖ ಕೆಂಪಾಯಿತು. ಸಿಟ್ಟೋ ನಾಚಿಕೆಯೋ, ಫೋಟೋಣ್ಣನಿಗೆ ತಿಳಿಯಲಿಲ್ಲ. ಅವಳು ನಾಟಕದ ಪ್ರತಿಯ ಹಾಳೆ ಮಗುಚುತ್ತಾ ಹೋದಳು. ಅಂಚಿನಲ್ಲೆಲ್ಲ ಪೆನ್ಸಿಲಿನ ಕಾಟು, ಸೊನ್ನೆ, ಪ್ರಶ್ನೆ. ಆಮೇಲೆ ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತಳು.

"ಯಾವಾಗ ಒತ್ತಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ಸರ್?"

"ಯೋಚನೆ ಮಾಡಿಲ್ಲಮ್ಮ. ಮಾತು ಎದೆಗೆ ತಾಗಿದಾಗ ಕೈ ಒತ್ತಿಬಿಡುತ್ತೆ."

"ಸದ್ದು ನನಗೆ ನಿಜವಾಗ್ಲೂ ತೊಂದರೆ. ಆದ್ರೆ ನೀವು ಬನ್ನಿ. ಇಲ್ಲೇ ಕೂತ್ಕೊಳ್ಳಿ, ನಾನೂ ಇಲ್ಲೇ ಕೂರ್ತೀನಿ. ಏನಾದ್ರೂ ಮಾಡೋಣ."

ಭಾನುವಾರ ಅವನು ಸದ್ದಿಲ್ಲದ್ದನ್ನೇ ಇಟ್ಟುಕೊಂಡ. ಮಾವನ ಲೆನ್ಸುಗಳಲ್ಲಿ ಕತ್ತಲಲ್ಲೂ ಫೋಕಸ್ ಕಾಣಬೇಕಾದರೆ ಅವನ ಕಣ್ಣಿಗೆ ಆ ಕೆಂಪು ಗೆರೆ ಬೇಕೇ ಬೇಕು, ಅದನ್ನು ಒಪ್ಪಿಕೊಳ್ಳಲು ಒಂದು ವಾರ ಹಿಡಿಯಿತು ಅಷ್ಟೇ. ದೊಡ್ಡದನ್ನು ವಾಪಸ್ ಕೊಡುವಾಗ ಕೊನೆಯದಾಗಿ ಒಂದು ಸಲ ಒತ್ತಿ, ಆ ಸದ್ದು ಕೇಳಿ, ಭಾವಮೈದನ ಕೈಗಿಟ್ಟ.

ಸೋಮವಾರ ದೊಡ್ಡಕ್ಕ ಮಾತು ಶುರುಮಾಡಿದಳು. ನಿರ್ದೇಶಕಿ ಮುಂದಕ್ಕೆ ಬಾಗಿ ಕೂತಿದ್ದಳು, ಪರೀಕ್ಷೆ ಬರೆಯುವವಳ ಹಾಗೆ. ಎರಡನೇ ನಿಮಿಷಕ್ಕೆ "ಚೆನ್ನಾಗಿದೆ" ಎಂದಳು, ಅದು ಬೇಡದ ಜಾಗ. ದೊಡ್ಡಕ್ಕ ತುಸು ಬೆಚ್ಚಿ ಮುಂದುವರಿದಳು. ನಾಲ್ಕನೇ ನಿಮಿಷ ಬಂತು.

"ದೀಪ ಹಚ್ಚಿದ್ದು ಯಾರು ಅಂತ ಯಾವ ಹಡಗೂ ಕೇಳಲಿಲ್ಲ" ಎಂದಳು ದೊಡ್ಡಕ್ಕ, ಎಂದು ನಿಂತಳು.

ಫೋಟೋಣ್ಣನ ಬೆರಳು ಒತ್ತಿತ್ತು. ಸದ್ದಿಲ್ಲ. ನಿರ್ದೇಶಕಿ ಬಾಯಿ ತೆರೆದಳು, ಏನೆನ್ನಬೇಕೋ ತಿಳಿಯದೆ ಅವನ ಕಡೆ ನೋಡಿದಳು. ಅಷ್ಟರಲ್ಲಿ ಅವನ ಗಂಟಲಿನಿಂದಲೇ ಹೊರಬಿತ್ತು, ಕಥೆ ಕೇಳುವ ಮಗು ಹೂಂಗುಟ್ಟುವ ಹಾಗೆ, ಗಟ್ಟಿಯಾಗಿ: "ಹ್ಞೂಂ."

ಇಪ್ಪತ್ತೆರಡು ವರ್ಷದಲ್ಲಿ ನಟರ ಮಾತಿನ ನಡುವೆ ಆ ಕುರ್ಚಿಯಿಂದ ಅವನ ದನಿ ಬಂದದ್ದು ಅದೇ ಮೊದಲು. ಬೈಸಿಕೊಳ್ಳುವುದು ಖಂಡಿತ ಎಂದು ಮುದುಡಿ ಕೂತ. ನಿರ್ದೇಶಕಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಆ ಸಾಲಿನ ಪಕ್ಕ "ಹ್ಞೂಂ" ಎಂದು ಬರೆದುಕೊಂಡಳು. ದೊಡ್ಡಕ್ಕ ಆಗಲೇ ಮುಂದಿನ ಮಾತಿನಲ್ಲಿದ್ದಳು.