ಹತ್ತೊಂಬತ್ತು ಟೇಕು

ಅಕ್ಕು ಚಪ್ಪಲಿ ಬಿಟ್ಟು ಅಂಗಳದ ಚಪ್ಪರದೊಳಗೆ ಕಾಲಿಡುವಷ್ಟರಲ್ಲಿ ಬೆಂಚಿನ ಮೇಲಿದ್ದ ಇಬ್ಬರು ಹೆಂಗಸರು ಮಾತು ನಿಲ್ಲಿಸಿದರು.

"ಅದೇ ಅತ್ತೆ ಅಲ್ವಾ?" ಎಂದಳು ಒಬ್ಬಳು.

"ಯಾವ ಅತ್ತೆ?"

"ಟಿವಿಯಲ್ಲಿ ಸೊಸೆಗೆ ಗಂಜಿ ಹಾಕದವಳು ಮಾರಾಯ್ತಿ. ಮುಖ ನೋಡಿದರೆ ಈಗಲೂ ಮೈ ಉರಿಯುತ್ತದೆ ನನಗೆ."

ಅಕ್ಕುವಿಗೆ ಇದು ಹೊಸತಲ್ಲ. ಧಾರಾವಾಹಿ ಬರುತ್ತಿದ್ದ ಕಾಲದಲ್ಲಿ ಕಾಪುವಿನ ಎಷ್ಟೋ ಮನೆಯವರು ಅವಳ ಮೀನಿನ ಬುಟ್ಟಿ ಕಂಡೊಡನೆ ಬಾಗಿಲು ಹಾಕಿಕೊಂಡಿದ್ದರು. ಈಗ ಅದೇ ಜನ ಅವಳೊಡನೆ ಚೌಕಾಸಿ ಮಾಡಲು ಹೆದರುತ್ತಿದ್ದರು. ಅದೂ ಒಂದು ಲಾಭವೇ ಎಂದುಕೊಂಡು ಅವಳು ಮುಂದೆ ನಡೆದಳು.

ಇವತ್ತು ಅವಳು ಕಾಪುವಿನಿಂದ ಕಲ್ಯಾಣಪುರಕ್ಕೆ ಬಂದದ್ದು ಕ್ಷಮೆ ಕೇಳಲಿಕ್ಕೆ. ಶವಪೆಟ್ಟಿಗೆಯ ಮುಚ್ಚಳ ಹಾಕುವ ಮೊದಲು, ಆ ಧಾರಾವಾಹಿ ಮಾಡಿದ ಕ್ರೈಸ್ತ ಧಣಿ ಜೋಕಿಮ್ ಪೊರ್ಬುಗಳಿಗೆ ಒಂದು ಮಾತು ಹೇಳಬೇಕಿತ್ತು: ನನ್ನಿಂದ ನಿಮ್ಮ ಕೆಲಸ ಕೆಟ್ಟಿತು. ಮೂರು ವರ್ಷದಿಂದ ಆ ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಬದುಕಿದ್ದಾಗ ಅವರೆದುರು ಬಾಯಿ ಬರಲಿಲ್ಲ.

ಚಾವಡಿಯಲ್ಲಿ ಎರಡು ಮೇಣದ ಬತ್ತಿಗಳ ನಡುವೆ ಜೋಕಿಮ್ ಮಲಗಿದ್ದರು. ಕಪ್ಪು ಸೂಟು, ಬೆರಳ ನಡುವೆ ಜಪಸರ. ಅವರ ಹೆಂಡತಿ ಮ್ಯಾಗ್ಡಲಿನ್ ತಲೆಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಧಾರಾವಾಹಿಗೆ ಕ್ಯಾಮೆರಾ ಹಿಡಿದಿದ್ದ ಸರ್ವೋತ್ತಮ ಕಂಬಕ್ಕೊರಗಿ ನಿಂತಿದ್ದ. ಅಕ್ಕು ಗೋಡೆಯ ಬದಿಯಲ್ಲಿ ನಿಂತಳು. ಅವಳ ಬೆನ್ನಿಗೆ ಸೊಸೆ ಮೋಹಿನಿ, ಸೊಸೆಯ ಸೊಂಟದಲ್ಲಿ ಒಂದೂವರೆ ವರ್ಷದ ಮೊಮ್ಮಗಳು.

*

ಎಪ್ಪತ್ತರ ದಶಕದಲ್ಲಿ ಜೋಕಿಮ್ ಬನ್ನಂಜೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಕ್ಯಾಮೆರಾ ಕಂಡರೆ ಮದುಮಗಳು ಮರದ ಗೊಂಬೆಯಾಗುತ್ತಾಳೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೆ ಫಿಲ್ಮು ಹಾಕದೆಯೇ ಐದಾರು ಸಲ ಕ್ಲಿಕ್ ಮಾಡುತ್ತಿದ್ದರು. ಅವಳು ಸುಸ್ತಾಗಿ, ಹೆದರಿಕೆ ಬಿಟ್ಟು, ಪಕ್ಕದವಳ ಹತ್ತಿರ ಏನೋ ಹೇಳಿ ನಕ್ಕಾಗ ನಿಜವಾದ ಫಿಲ್ಮು ಓಡುತ್ತಿತ್ತು. ಉಡುಪಿಯ ಎಷ್ಟೋ ಮನೆಗಳ ಗೋಡೆಯಲ್ಲಿ ಆ ನಗು ಇನ್ನೂ ತೂಗುತ್ತಿದೆ.

ಆಮೇಲೆ ವಿಡಿಯೋ ಬಂತು, ಮದುವೆಯ ಕ್ಯಾಸೆಟ್ ಬಂತು. ಎಂಬತ್ತಾರರಲ್ಲಿ ಹದಿಮೂರು ವಾರದ ಧಾರಾವಾಹಿಯೊಂದಕ್ಕೆ ಬೆಂಗಳೂರಿನ ಟಿವಿ ಕೇಂದ್ರದಿಂದ ಒಪ್ಪಿಗೆ ಬಂತು. ಕಾಪುವಿನಲ್ಲಿ ಒಂದು ಹಂಚಿನ ಮನೆ ಹಿಡಿದು ಕೆಲಸ ಶುರು ಮಾಡಿದರು. ಮೊದಲ ದಿನ ಅತ್ತೆಯ ಪಾತ್ರದವಳು ಬರಲೇ ಇಲ್ಲ. ಆ ಹೊತ್ತಿಗೆ ಹಿತ್ತಲಲ್ಲಿ ಅಡುಗೆಯವನೊಡನೆ ಮೀನು ಮಾರಲು ಬಂದ ಅಕ್ಕುವಿನ ಜಗಳ ನಡೆದಿತ್ತು.

"ಇದು ನಿನ್ನೆಯ ಮೀನಾ? ನಿನ್ನ ಮೂಗೇ ನಿನ್ನೆಯದು. ಹಿಡಿ, ಕಿವಿರು ಎತ್ತಿ ನೋಡು."

ಜೋಕಿಮ್ ಕಿಟಕಿಯಿಂದ ಕೇಳಿ ಹೊರಗೆ ಬಂದರು. "ಅಕ್ಕು, ಬುಟ್ಟಿ ಇಡು. ಇದೇ ಜಗಳ ಒಳಗೆ ಬಂದು ಮಾಡು."

ಹಾಗೆ ಅಕ್ಕು ಅತ್ತೆಯಾದಳು. ಆರನೆಯ ವಾರಕ್ಕೆ ಅವಳ ಮಗ ಕಿಟ್ಟನಿಗೆ ಗೊತ್ತು ಮಾಡಿದ್ದ ಕಾರ್ಕಳದ ಸಂಬಂಧ ಮುರಿಯಿತು. ಹುಡುಗಿಯ ತಂದೆಗೆ ಪೇಟೆಯಲ್ಲಿ ಒಣಮೀನಿನ ಅಂಗಡಿ. ಪಕ್ಕದ ಮನೆಯ ಟಿವಿಯಲ್ಲಿ ಅಕ್ಕುವನ್ನು ನೋಡಿ, ಆ ಹೆಂಗಸಿನ ಕೈಗೆ ನಮ್ಮ ಮೋಹಿನಿಯನ್ನು ಕೊಡುವುದಿಲ್ಲ ಎಂದು ಹೇಳಿ ಕಳುಹಿಸಿದರು. ಕಿಟ್ಟ ತಾಯಿಯನ್ನು ಬೈಯಲಿಲ್ಲ, ಊಟ ಬಿಟ್ಟ.

ಜೋಕಿಮ್ ಬಸ್ಸು ಹತ್ತಿ ಕಾರ್ಕಳಕ್ಕೆ ಹೋದರು. ಅದು ಬರೀ ನಟನೆ ಎಂದು ತಿಳಿಹೇಳಿದರು. ಮೋಹಿನಿಯ ತಾಯಿ ಒಂದೇ ಪ್ರಶ್ನೆ ಕೇಳಿದಳು: "ಒಳಗೆ ಇಲ್ಲದ್ದು ಅಷ್ಟು ಚೆಂದ ಹೊರಗೆ ಹೇಗೆ ಬರುತ್ತದೆ?"

ಜೋಕಿಮ್ ಎದ್ದರು. "ಒಂದು ದಿನ ಶೂಟಿಂಗ್ ನೋಡಲಿಕ್ಕೆ ಬನ್ನಿ. ಊಟ ಅಲ್ಲಿಯೇ," ಎಂದಷ್ಟೇ ಹೇಳಿ ಬಂದರು.

ಮೋಹಿನಿಯ ತಾಯಿ ಬಂದ ದಿನ ಅತ್ತೆ ಸೊಸೆಯ ಕೆನ್ನೆಗೆ ಹೊಡೆಯುವ ದೃಶ್ಯವಿತ್ತು. ಅಕ್ಕು ಹೊಡೆದಳು. ಜೋಕಿಮ್ "ಇನ್ನೊಮ್ಮೆ" ಎಂದರು. ಮತ್ತೆ ಹೊಡೆದಳು. ಇನ್ನೊಮ್ಮೆ. ಐದನೆಯ ಸಲ ಆ ನಟಿಯ ಕೆನ್ನೆ ಮುಟ್ಟಿ, "ನೋವಾಯಿತಾ ಮಗಾ?" ಎಂದು ಕೇಳಿದಳು. ಹತ್ತನೆಯ ಸಲ ಮಾತೇ ಮರೆತುಹೋಯಿತು. ಹದಿನಾಲ್ಕನೆಯ ಸಲ ಒಳಗೆ ಹೋಗಿ ತೆಂಗಿನೆಣ್ಣೆ ತಂದಳು. ಹತ್ತೊಂಬತ್ತನೆಯ ಸಲ, "ನನ್ನಿಂದ ಆಗುವುದಿಲ್ಲ ಪೊರ್ಬುಗಳೇ, ಈ ಹುಡುಗಿಗೆ ಇನ್ನು ಹೊಡೆಯಲಾರೆ," ಎಂದು ನೆಲದ ಮೇಲೆ ಕೂತು ಅತ್ತುಬಿಟ್ಟಳು. ನೀರು ತಂದುಕೊಟ್ಟವಳು ಮೋಹಿನಿಯ ತಾಯಿ.

ಮದುವೆ ನಿಶ್ಚಯವಾಯಿತು. ಆದರೆ ಆ ದಿನ ಬಾಕಿ ದೃಶ್ಯಗಳಿಗೆ ಬೆಳಕು ಉಳಿಯಲಿಲ್ಲ. ಟೇಪಿಗೆ ಬೆಂಗಳೂರಿನ ಬಸ್ಸು ತಪ್ಪಿತು, ಆ ವಾರ ಧಾರಾವಾಹಿ ಬರಲಿಲ್ಲ. ಹೊತ್ತಿಗೆ ಸರಿಯಾಗಿ ಕೊಡದವರು ಎಂಬ ಹೆಸರು ಅಂಟಿತು. ಎರಡನೆಯ ಧಾರಾವಾಹಿಗೆ ಒಪ್ಪಿಗೆ ಬರಲೇ ಇಲ್ಲ. ಜೋಕಿಮ್ ಮತ್ತೆ ಮದುವೆ ಮನೆಗಳಿಗೆ ಕ್ಯಾಮೆರಾ ಹೊತ್ತರು.

*

ಪಾದ್ರಿಗಳ ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆ ಎತ್ತುವ ಮೊದಲು ಜೋಕಿಮ್ ಅವರ ಅಣ್ಣ ಲಿಯೋನೆಲ್ ಎಲ್ಲರ ಕಡೆ ತಿರುಗಿ ಕೈಮುಗಿದರು. "ನನ್ನ ತಮ್ಮ ಮಾತಿನಿಂದ, ಕೆಲಸದಿಂದ ಯಾರಿಗಾದರೂ ನೋವು ಮಾಡಿದ್ದರೆ, ಅವನ ಪರವಾಗಿ ನಾನು ಕ್ಷಮೆ ಕೇಳುತ್ತೇನೆ."

ಅಕ್ಕುವಿಗೆ ತಡೆಯಲಾಗಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಮ್ಯಾಗ್ಡಲಿನ್ ಎದುರು ಬಂದು ನಿಂತಳು.

"ಬಾಯಮ್ಮ, ಅವರು ಕೇಳುವುದಲ್ಲ, ನಾನು ಕೇಳಬೇಕು. ಒಂದು ಪೆಟ್ಟು ಸರಿಯಾಗಿ ಹೊಡೆಯಲಿಕ್ಕೆ ಬರಲಿಲ್ಲ ನನಗೆ. ಇಡೀ ದಿನ ಹಾಳಾಯಿತು. ಪೊರ್ಬುಗಳ ದಾರಿಗೆ ನಾನೇ ಕಲ್ಲಾದೆ."

ಮ್ಯಾಗ್ಡಲಿನ್ ತಲೆಯೆತ್ತಿದರು. "ಅವತ್ತು ನಿನ್ನನ್ನು ನಾನೂ ಬೈದದ್ದುಂಟು ಅಕ್ಕು. ಸುಳ್ಳು ಹೇಳುವುದಿಲ್ಲ."

ಸರ್ವೋತ್ತಮ ಕಂಬ ಬಿಟ್ಟು ಹತ್ತಿರ ಬಂದ. "ಅತ್ತೇ," ಎಂದ. ಶೂಟಿಂಗಿನವರೆಲ್ಲ ಅವಳನ್ನು ಕರೆಯುತ್ತಿದ್ದುದು ಹಾಗೆಯೇ. "ಸರ್ ಹೇಳಬೇಡ ಅಂದಿದ್ದರು. ಇನ್ನು ನನಗೆ ಬೈಯುವವರು ಯಾರಿದ್ದಾರೆ? ನಿಮ್ಮ ಮೊದಲನೆಯ ಪೆಟ್ಟೇ ಓಕೆ ಆಗಿತ್ತು. ಟಿವಿಯಲ್ಲಿ ಬಂದದ್ದೂ ಅದೇ."

"ಮತ್ತೆ ಉಳಿದದ್ದು ಎಂತ?"

"ಉಳಿದ ಹದಿನೆಂಟಕ್ಕೆ ಕ್ಯಾಮೆರಾದಲ್ಲಿ ಟೇಪೇ ಇರಲಿಲ್ಲ. ಅದು ಕಾರ್ಕಳದವರ ಕಣ್ಣಿಗೆ. ನಾನು ಹೇಳಿದೆ, ಸರ್, ಬಸ್ಸು ತಪ್ಪುತ್ತದೆ ಅಂತ. 'ಧಾರಾವಾಹಿ ಹದಿಮೂರು ವಾರ ಮಾರಾಯ, ಹುಡುಗನ ಸಂಸಾರ ಹಾಗಲ್ಲ' ಅಂದರು. ಆಮೇಲೆ ನಿಮಗೆ 'ಇನ್ನೊಮ್ಮೆ' ಅಂದರು."

ಅಕ್ಕು ಪೆಟ್ಟಿಗೆಯ ಕಡೆ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ನನಗೂ ಹೇಳಲಿಲ್ಲ ನೋಡು," ಎಂದರು ಮ್ಯಾಗ್ಡಲಿನ್ ಮೆಲ್ಲಗೆ. "ಬಸ್ಸು ತಪ್ಪಿಸಿದ್ದಕ್ಕೆ ಒಂದು ತಿಂಗಳು ಮಾತು ಬಿಟ್ಟಿದ್ದೆ. ಗೋಡೆಯ ಹಾಗೆ ಕೂತು ಉಣ್ಣುತ್ತಿದ್ದರು." ಅವರ ತುಟಿಯ ತುದಿ ಅಲುಗಿತು. ಆಮೇಲೆ ಮೋಹಿನಿಯ ಕಡೆ ಕೈಚಾಚಿದರು. "ಇದು ಕಿಟ್ಟನ ಮಗುವಾ? ಹತ್ತಿರ ತಾ. ಅವರು ನೋಡಲಿ."

ಮೋಹಿನಿ ಮಗುವನ್ನು ಪೆಟ್ಟಿಗೆಯ ಹತ್ತಿರ ತಂದಳು. ಬೆಂಚಿನ ಹೆಂಗಸರು ಎದ್ದು ನಿಂತು, ಅಕ್ಕುವಿಗೆ ತಮ್ಮ ನಡುವೆ ಜಾಗ ಮಾಡಿಕೊಟ್ಟರು.

ಚರ್ಚಿನ ಹಿಂದಿನ ಸ್ಮಶಾನದಲ್ಲಿ ಪೆಟ್ಟಿಗೆ ಗುಂಡಿಗೆ ಇಳಿದಾಗ ಮಧ್ಯಾಹ್ನದ ಬಿಸಿಲು. ಎಲ್ಲರೂ ಸಾಲಾಗಿ ಬಂದು ಒಂದೊಂದು ಹಿಡಿ ಮಣ್ಣು ಹಾಕಿದರು. ಅಕ್ಕು ಹಾಕಿದಳು. ಮೋಹಿನಿ ಮಗುವಿನ ಅಂಗೈಗೂ ಚಿಟಿಕೆ ಮಣ್ಣು ಇಟ್ಟು, "ಹಾಕು ಮಗಾ," ಎಂದಳು. ಮಗು ಕೆಳಗೆ ನೋಡಿತು, ತಾಯಿಯ ಮುಖ ನೋಡಿತು, ಮುಷ್ಟಿ ಬಿಗಿ ಮಾಡಿಕೊಂಡಿತು. ಮೋಹಿನಿ ಬೆರಳು ಬಿಡಿಸಲು ಹೋದಳು.

"ಬಿಡು, ಇಟ್ಟುಕೊಳ್ಳಲಿ," ಎಂದಳು ಅಕ್ಕು.

ಕಾಪುವಿನ ಬಸ್ಸಿನಲ್ಲಿ ಮಗು ಅಜ್ಜಿಯ ತೊಡೆಯ ಮೇಲೆ ನಿದ್ದೆಹೋಯಿತು. ಗಾಳಿಗೆ ಅದರ ಕೂದಲು ಹಾರುತ್ತಿತ್ತು. ಮುಷ್ಟಿ ಮಾತ್ರ ಬಿಟ್ಟಿರಲಿಲ್ಲ. ಪುಟ್ಟ ಬೆರಳುಗಳ ಸಂದಿಯಲ್ಲಿ ಕಲ್ಯಾಣಪುರದ ಕೆಂಪು ಮಣ್ಣು ಬೆವರಿಗೆ ಒದ್ದೆಯಾಗಿತ್ತು.